ಅವ್ವನ ಹೆಸರು ಓದಿದ ಭೂತಗನ್ನಡಿ

ನಾನು ಒಂದು ಭೂತಗನ್ನಡಿ. ಅಂಗೈಯಗಲದ ಗಾಜು, ಸುತ್ತ ಹಿತ್ತಾಳೆಯ ಬಳೆ, ಹಿಡಿಯಲು ಕರಿಮರದ ಕಾವು. ನನ್ನನ್ನು ಉಜ್ಜಿ ಉಜ್ಜಿ ಆಕಾರಕ್ಕೆ ತಂದವರ ಮುಖ ನೆನಪಿಲ್ಲ. ಹುಬ್ಬಳ್ಳಿಯ ಕನ್ನಡಕದ ಅಂಗಡಿಯಿಂದ ನನ್ನನ್ನು ಕೊಂಡವರು ಗದಗಿನ ಅಂದಾನೆಪ್ಪನವರು. ಅವರ ಜೊತೆ ಭೂದಾಖಲೆ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಹಳೇ ಕಾಗದಗಳನ್ನು ಓದಿದೆ.

ನಿವೃತ್ತರಾದ ಮೇಲೆ ಅವರು ವಂಶಾವಳಿ ಹುಡುಕುವುದನ್ನು ಕಲಿಯಲು ಒಂದು ಬಳಗ ಕಟ್ಟಿದರು. ಭಾನುವಾರ ಬೆಳಿಗ್ಗೆ ವಾಚನಾಲಯದ ಹಿಂದಿನ ಕೋಣೆಯಲ್ಲಿ ಏಳೆಂಟು ಜನ ಸೇರುತ್ತಿದ್ದರು. ಒಬ್ಬರು ತಂದ ಕಾಗದವನ್ನು ಎಲ್ಲರೂ ಓದಬೇಕು, ಎಲ್ಲರೂ ಅನುಮಾನಿಸಬೇಕು. ನಾನು ಕೈಯಿಂದ ಕೈಗೆ ದಾಟುತ್ತಿದ್ದೆ.

ಆ ಬಳಗಕ್ಕೆ ಫಕೀರವ್ವ ಬಂದರು. ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ತಮಗೆ ಮೂರು ವರ್ಷವಿದ್ದಾಗ ತಾಯಿ ನೀಲವ್ವ ತೀರಿಹೋದಳೆಂದು ಕೇಳುತ್ತ ಬೆಳೆದವರು. ತಾಯಿಯ ತವರು ಯಾವುದೆಂದು ತಂದೆ ಸಾಯುವತನಕ ಹೇಳಿರಲಿಲ್ಲ. ಮನೆತನದ ಹೆಸರುಗಳನ್ನು ಬರೆದಿಡುವ ಹೆಳವರ ಪುಸ್ತಕದಲ್ಲಿ ತಂದೆಯ ಕಡೆ ಒಂಬತ್ತು ತಲೆಮಾರು ಸಿಕ್ಕಿತು; ಒಬ್ಬ ಹೆಂಗಸಿನ ಹೆಸರೂ ಇರಲಿಲ್ಲ.

"ನಾ ಯಾರ ಹೊಟ್ಯಾಗ ಹುಟ್ಟೀನಿ ಅನ್ನೂದು ತಿಳೀಬೇಕ್ರಿ, ಅಷ್ಟ," ಎಂದರು ಫಕೀರವ್ವ.

ತಂದೆಯ ಊರಿನ ಮರಣ ನೋಂದಣಿಯಲ್ಲಿ ಆ ವರ್ಷ, ಅದರ ಹಿಂದುಮುಂದಿನ ವರ್ಷ, ಎಲ್ಲ ಓದಿದೆವು. ನೀಲವ್ವನ ಹೆಸರಿಲ್ಲ. "ಆಗ ಯಾರು ಬರಸ್ತಿದ್ರು? ಬಿಟ್ಟುಹೋಗಿರ್ತದ," ಎಂದರು ಒಬ್ಬರು.

"ಇರಬಹುದು," ಎಂದರು ಅಂದಾನೆಪ್ಪ. "ಆದ್ರ ಅಕ್ಕಾರ, ನಿಮ್ಮವ್ವ ಆಗ ಸತ್ತಿಲ್ಲಾ ಅಂತ ಹಿಡಕೊಂಡೂ ಒಮ್ಮೆ ಹುಡುಕೋಣು."

ಫಕೀರವ್ವ ನನ್ನನ್ನು ಮೇಜಿನ ಮೇಲಿಟ್ಟು, "ಎಲ್ಲಿ ಹುಡುಕೂದ್ರಿ?" ಎಂದರು.

ದಾರಿ ತೋರಿಸಿದವರು ಬಳಗದ ಹುಸೇನಬಿ, ಸೂಲಗಿತ್ತಿಯ ಮಗಳು. "ಚೊಚ್ಚಲ ಬಾಣಂತನ ತವರಮನ್ಯಾಗ ಅಲ್ಲೇನ್ರಿ? ಸಾಲಿ ದಾಖಲಾತಿಯೊಳಗ ನೀವು ಹುಟ್ಟಿದ ಊರು ನೋಡ್ರಿ."

ದಾಖಲಾತಿಯಲ್ಲಿ 'ಹಿರೇಕೊಪ್ಪ' ಎಂದಿತ್ತು. ಫಕೀರವ್ವ ಆ ಮಾಸಿದ ಅಕ್ಷರಗಳನ್ನು ಮೂರು ಸಲ ಓದಿದರು. ಕಲಿಸಲು ಶಾಲೆಗೆ ಹೋಗುವಾಗ ಹನ್ನೊಂದು ವರ್ಷ ಅವರು ದಿನಾ ಬಸ್ಸು ಬದಲಿಸಿದ ಊರು ಅದು.

ಆ ಊರಿನ ಮರಣ ನೋಂದಣಿಯನ್ನು ಎಲ್ಲರೂ ಸರದಿಯಲ್ಲಿ ಓದಿದರು, ಎರಡು ತಿಂಗಳು. ಕೊನೆಗೆ ಆ ಹೆಸರು ಸಿಕ್ಕಿತು, ಗಂಡನ ಹೆಸರಿನ ಜಾಗದಲ್ಲಿ ಫಕೀರವ್ವನ ತಂದೆಯ ಹೆಸರು. ನೀಲವ್ವ ಸತ್ತಾಗ ಮಗಳಿಗೆ ನಲವತ್ತೊಂದು ವರ್ಷ.

ಮರುದಿನವೇ ಫಕೀರವ್ವ ಹಿರೇಕೊಪ್ಪಕ್ಕೆ ಹೊರಟರು. ಅಂದಾನೆಪ್ಪ ಜೊತೆಗೆ ಕೊಟ್ಟು ಕಳಿಸಿದ ನಾನು ಅವರ ಚೀಲದಲ್ಲಿದ್ದೆ. ನೀಲವ್ವನ ಅಣ್ಣನ ಹೆಂಡತಿ ದ್ಯಾಮವ್ವ ಬದುಕಿದ್ದಳು. ಬಾಗಿಲಲ್ಲಿ ನಿಂತವರನ್ನು ಕಂಡೊಡನೆ ಗುರುತು ಹಿಡಿದು ಅತ್ತಳು.

"ನಿಮ್ಮವ್ವನ ಮೈಮ್ಯಾಲ ಬಿಳೇ ಕಲಿ ಎದ್ದಿದ್ವು. ದೊಡ್ಡ ರೋಗ, ಕುಷ್ಠ ಅಂತ ನಿಮ್ಮಪ್ಪ ಇಲ್ಲಿ ತಂದು ಬಿಟ್ಟುಹೋದ. ಗುಳಿಗಿ ನುಂಗಿ ಆರಾಮಾತವ್ವಾ. ಆದ್ರ ಆಕೀನ, ನನ್ನ ಸುದ್ದಿ ಎತ್ತಿದ್ರ ಮಗಳ ಬಾಳೇವು ಕೆಡತೈತಿ ಅಂತ ನಮ್ಮ ಬಾಯಿ ಕಟ್ಟಿದ್ಲು. ನೀ ಬಸ್ಸಿಗೆ ನಿಂತಾಗ ಎದುರಿನ ಕಟ್ಟಿಮ್ಯಾಲ ಸೆರಗು ಹೊದ್ದು ಕುಂದರತಿದ್ಲು."

"ನಾ ಒಮ್ಮೆನೂ ಆ ಕಡೆ ನೋಡಲಿಲ್ಲೇನು, ಅತ್ತಿ?"

"ನೋಡಿದ್ದಿ ಯವ್ವಾ. ಒಮ್ಮೆ, ಬಸ್ ಹೋತೇನಬೇ ಅಂತ ಆಕಿನ್ನ ಕೇಳಿದ್ದಿ. ಮನಿಗೆ ಬಂದು ಮೂರು ದಿನ ಅದನ್ನ ಹೇಳಿಕೊಂತ ಕುಂತಿದ್ಲು."

ಫಕೀರವ್ವ ಅಳಲಿಲ್ಲ. ಫೋಟೋ ಇದೆಯೇ ಎಂದಷ್ಟೇ ಕೇಳಿದರು. ಇರಲಿಲ್ಲ. ಪಿಂಚಣಿಯ ಅರ್ಜಿಯೊಂದಿತ್ತು, ಅದರ ಕೆಳಗೆ ನೀಲವ್ವನ ಎಡಗೈ ಹೆಬ್ಬೆಟ್ಟು. ದ್ಯಾಮವ್ವ ಅದನ್ನು ಮಡಚಿ ಕೊಟ್ಟಳು.

ಎರಡು ವರ್ಷದ ನಂತರ ಅಂದಾನೆಪ್ಪ ತೀರಿಕೊಂಡರು. ಬಳಗವೂ ಚೆದುರಿತು. ಅವರ ಮನೆಯವರು ನನ್ನನ್ನು ಫಕೀರವ್ವನಿಗೆ ಕೊಟ್ಟರು. ಈಗ ನನಗೆ ವಯಸ್ಸಾಗಿದೆ. ಬಳೆ ಕಪ್ಪಾಗಿದೆ, ಗಾಜಿನ ಮೇಲೆ ಉದ್ದನೆಯ ಗೀರು. ಕಿಟಕಿಯ ಪಕ್ಕದ ಗೂಡಿನಲ್ಲಿ ಆ ಅರ್ಜಿಯ ಜೊತೆ ಇರುತ್ತೇನೆ. ಮಧ್ಯಾಹ್ನದ ಬೆಳಕಿಗೆ ಫಕೀರವ್ವ ನನ್ನನ್ನು ಹೆಬ್ಬೆಟ್ಟಿನ ಗುರುತಿನ ಮೇಲೆ ಹಿಡಿಯುತ್ತಾರೆ, ಆಮೇಲೆ ತಮ್ಮ ಹೆಬ್ಬೆರಳ ಮೇಲೆ. ಎಲ್ಲಾದರೂ ಒಂದು ಗೆರೆ ಹೊಂದುತ್ತದೆಯೇ ಎಂದು ಹುಡುಕುತ್ತಾರೆ. ಗೆರೆಗಳನ್ನು ದೊಡ್ಡದಾಗಿ ತೋರಿಸಬಲ್ಲೆ; ಅದಕ್ಕಿಂತ ಹೆಚ್ಚಿನದು ನನ್ನ ಕೈಲಾಗದು. ಕಟ್ಟೆಯ ಮೇಲಿನ ಒಬ್ಬ ಹೆಂಗಸನ್ನು ಬಸ್ಸಿನ ಬಗ್ಗೆ ಕೇಳಿದ್ದು ಫಕೀರವ್ವನಿಗೆ ಈಗ ನೆನಪಾಗಿದೆಯಂತೆ. ಆಕೆ ಏನು ಉತ್ತರ ಕೊಟ್ಟಳೆಂಬುದು ಮಾತ್ರ ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.