ನಡುನದಿಯಲ್ಲಿ ಗೋಡೆ ಇಲ್ಲ

ದೌಲತರಾಯ ತೊಗರಿಹೊಲದಲ್ಲಿ ಎಡೆ ಹೊಡೆದು ಕಳೆ ತೆಗೆದು ಬಂದು ಕಟ್ಟೆಗೆ ಒರಗಿದ. ಕಾಲು ಮಡಚಲೂ ತ್ರಾಣವಿರಲಿಲ್ಲ. ಒಳಗೆ ಹೆಂಡತಿ ಸಕ್ಕುಬಾಯಿ ತೊಟ್ಟಿಲ ಹಗ್ಗವನ್ನು ಕಾಲಿಗೆ ಕಟ್ಟಿಕೊಂಡು ತೂಗುತ್ತ ರೊಟ್ಟಿ ಬಡಿಯುತ್ತಿದ್ದಳು. ಎಮ್ಮೆ ಹಿಂಡುವುದು ಇನ್ನೂ ಬಾಕಿ.

"ನಾಳಿ ಘತ್ತರಗಿಗಿ ಪಂದ್ಯಕ್ಕ ಹೋಗ್ತೇನಿ. ಭೀಮಾ ಹೊಳಿ ಈಸಿ ದಾಟೋದು, ಸೈಕಲ್ ಹೊಡಿಯೋದು, ಆಮ್ಯಾಲ ಓಡೋದು. ಗೆದ್ದಾಂವಗ ಹೊಸ ಸೈಕಲ್! ಹಾಲಿನ ಕ್ಯಾನ್ ಹೊತ್ತು ಹೊತ್ತು ಕುತ್ತಿಗಿ ಹೋಗ್ಯದ."

"ಸೈಕಲ್ ಗೆಲ್ಲಾಕ ಹೊಡಿಯೋ ಸೈಕಲ್ ಎಲ್ಲಿಂದ ತಂದ್ರಿ?"

"ಮಾವಂದು ಕೇಳಿ ತಂದೇನಿ."

ಸಕ್ಕುಬಾಯಿಗೆ ನಗಲೂ ದಣಿವು.

ಜೋಳ ಒಯ್ಯಲು ಬಂದ ಅಖ್ತರಬೇಗಂ ಹೊಸ್ತಿಲಲ್ಲೇ ನಿಂತಳು. ಅವಳ ಮನೆ ಭೀಮೆಯ ದಂಡೆಗೆ. ಗಂಡ ಹರಗೋಲು ನಡೆಸುತ್ತಾನೆ.

"ದೌಲತಣ್ಣಾ, ನಡುವ ಹರಗೋಲು ನಿಂದ್ರಸ್ಯಾರೇನು?"

"ಯಾಕ್ ಬೇಕು ಆಪಾ? ಸಣ್ಣಾಂವ ಇದ್ದಾಗಿಂದ ಬಾವ್ಯಾಗ ಈಸೇನಿ."

"ಎಲ್ಲಾರೂ ಒಮ್ಮೆಲೆ ಜಿಗಿತಾರ. ಒಬ್ಬನ ಕಾಲು ಇನ್ನೊಬ್ಬನ ಮಾರಿಗಿ ಬಡಿತದ. ಮೂಗಿನಾಗ ನೀರು ಹೋದ್ರ ಎಂಥಾ ಈಸಾಂವಗೂ ದಿಗಿಲು. ನಿಮ್ಮದು ದಣದ ಮೈ ಬ್ಯಾರೆ. ದಮ್ಮು ಹಿಡಿತದ, ಕಾಲು ಸೆಳಿತಾವ. ಮುಳುಗಾಂವ ಚೀರಂಗಿಲ್ಲ, ಸಪ್ಪಳಿಲ್ದ ಹೋಗ್ತಾನ."

"ಸುಮ್ನ ಅಂಜಸಬ್ಯಾಡ."

ಸಕ್ಕುಬಾಯಿ ಕೈಗಂಟಿದ ಹಿಟ್ಟು ಒರೆಸಿಕೊಂಡಳು. "ಏಳ್ರಿ, ಬಾವಿಗಿ ನಡೀರಿ. ಗ್ವಾಡಿ ಮುಟ್ಟದಂಗ ಈಸಿ ತೋರಸ್ರಿ. ರೊಟ್ಟಿ ಆಮ್ಯಾಲ."

ಅಖ್ತರಬೇಗಂ ಕೂಸನ್ನು ಎತ್ತಿಕೊಂಡಳು. ಬಾವಿಯ ದಂಡೆಯಲ್ಲಿ ಸಕ್ಕುಬಾಯಿ ಗಂಡನ ಸೊಂಟಕ್ಕೆ ಹಗ್ಗ ಬಿಗಿದು, ಇನ್ನೊಂದು ತುದಿಯನ್ನು ನೀರು ಸೇದುವ ಗಡಗಡೆಯ ಕಂಬಕ್ಕೆ ಕಟ್ಟಿದಳು. ದೌಲತರಾಯ ನಗುತ್ತ ಇಳಿದ. ಸ್ವಲ್ಪ ಹೊತ್ತಿಗೆ ಅವನ ಕೈ ತಾನಾಗಿಯೇ ಗೋಡೆಗೆ ಹೋಯಿತು.

"ಗ್ವಾಡಿ!" ಎಂದಳು ಸಕ್ಕುಬಾಯಿ.

ಮತ್ತೆ ಬಾವಿಯ ನಡುವಿಗೆ ಹೋದ. ಉಸಿರು ಮೇಲಾಯಿತು, ಮೀನಖಂಡ ಕಲ್ಲಾಯಿತು. ಹೆಂಡತಿ ಹಗ್ಗ ಎಳೆದಳು. ಅವನು ಮೆಟ್ಟಿಲು ತಬ್ಬಿಕೊಂಡ.

"ಬಟ್ಟಿ ಒಗಿವಾಗ ದಿನಾ ನೋಡೇನಿ. ನಾಕ್ ಕೈ ಹೊಡಿತೀರಿ, ಗ್ವಾಡಿ ಹಿಡಿತೀರಿ. ನಡುನದ್ಯಾಗ ಗ್ವಾಡಿ ನಿಮ್ಮಪ್ಪ ಕಟ್ಯಾನೇನು?"

ದೌಲತರಾಯ ಕಾಲು ತಿಕ್ಕಿಕೊಳ್ಳುತ್ತ ಮೆಟ್ಟಿಲು ಹತ್ತಿದ.

ಮರುದಿನ ಅವನು ಹೋಗಿ ನೋಡಿದರೆ ಘತ್ತರಗಿಯ ದಂಡೆಯಲ್ಲಿ ಶಾಮಿಯಾನ ಇತ್ತು, ಮೈಕು ಇತ್ತು, ದೊಡ್ಡವರಿಗೆ ಕುರ್ಚಿ, ಹಾರ ಇದ್ದವು. ಹರಗೋಲು ಒಂದೂ ಇರಲಿಲ್ಲ. "ಹರಗೋಲು ಎಲ್ಲದರಿ?" ಎಂದು ದೌಲತರಾಯ ಕೇಳಿದ.

"ರೈತರ ಮಕ್ಕಳಿಗಿ ಹರಗೋಲು ಯಾತಕಪ್ಪ?" ಎಂದ ಸ್ಪರ್ಧೆ ನಡೆಸುವ ಮುಖಂಡ.

"ಹಾರಕ್ಕ ರೊಕ್ಕ ಅದ, ನಮ್ಮ ಜೀವಕ್ಕಿಲ್ಲೇನ್ರಿ? ನಾ ಅಂತೂ ಇಳಿಯಂಗಿಲ್ಲ," ಎಂದು ದೌಲತರಾಯ ಮರಳಿನಲ್ಲಿ ಕುಳಿತ. "ಹೇಡಿ!" ಎಂದು ಯಾರೋ ಕೂಗಿದರು. ಆದರೆ ಹೊಲದಿಂದ ಬಂದ ದಣಿದ ಗಂಡಸರು ಒಬ್ಬೊಬ್ಬರೇ ಬಂದು ಅವನ ಪಕ್ಕ ಕುಳಿತರು. ಮುಖಂಡ ಗೊಣಗುತ್ತಲೇ ಅಖ್ತರಬೇಗಂಳ ಗಂಡನನ್ನು ಕರೆಸಿದ.

ಹರಗೋಲು ಬಂದ ಮೇಲೆ ಈಜು ಶುರುವಾಯಿತು. ನಿನ್ನೆ ಸೆಳೆದ ಕಾಲು ಇನ್ನೂ ನೋಯುತ್ತಿತ್ತು; ದೌಲತರಾಯ ಇಳಿಯಲಿಲ್ಲ. ನಡುನದಿಯಲ್ಲಿ ಒಬ್ಬನ ತಲೆ ಎರಡು ಸಲ ಮುಳುಗಿತು. ಅವನು ಕೂಗಲಿಲ್ಲ. ಅವನ ಕೈಗೆ ಹರಗೋಲಿನ ಅಂಚು ಸಿಕ್ಕಿತು.

ಸೈಕಲ್ ಇನ್ಯಾರಿಗೋ ಹೋಯಿತು. ಮರುದಿನ ಹಾಲಿನ ಕ್ಯಾನು ಮತ್ತೆ ದೌಲತರಾಯನ ತಲೆಯ ಮೇಲೆ. ಹೊರಲು ತಲೆಯಾದರೂ ಉಳಿದಿತ್ತಲ್ಲ.

ಅಣ್ಣಂದಿರೇ, ಬಾವಿಯ ಈಜು ನದಿಗೆ ಸಾಲದು. ದಣಿದ ಮೈಯಲ್ಲಿ ನೀರಿಗೆ ಇಳಿಯಬೇಡಿ. ಗುಂಪಿನ ನಡುವೆ ಜಿಗಿಯಬೇಡಿ. ಉಸಿರು ಕಟ್ಟಿದರೆ ಅಂಗಾತ ತೇಲಿ, ಕೈ ಎತ್ತಿ. ಸ್ಪರ್ಧೆ ನಡೆಸುವವರನ್ನು ಮೊದಲು ಕೇಳಿ: ಹರಗೋಲು ಎಲ್ಲಿ? ಹಗ್ಗ ಎಲ್ಲಿ? ಹೇಡಿ ಅಂದಾರು, ಅನ್ನಲಿ. ಅಂದವರು ನಿಮ್ಮ ಕೂಸಿನ ತೊಟ್ಟಿಲು ತೂಗಲು ಬರುವುದಿಲ್ಲ.