ರತನಜೋತಿನ ಬರಣಿ ಸೇಡು ತೀರಿಸಿಕೊಂಡದ್ದು

ನಾನೊಂದು ಬರಣಿ. ಹೊಟ್ಟೆ ದಪ್ಪ, ಕುತ್ತಿಗೆ ಗಿಡ್ಡ, ಮೈಬಣ್ಣ ಬೆಲ್ಲದ್ದು. ಖಾನಾಪುರದ ಒಂದು ಭಟ್ಟಿಯಲ್ಲಿ ಹುಟ್ಟಿದೆ. ಆ ಭಟ್ಟಿಯ ಬೆಂಕಿ ಎಷ್ಟು ಜೋರೆಂದರೆ, ಅದರ ಮೇಲೆ ಹಾರಿಹೋದ ಕಾಗೆ ಆಚೆ ಬದಿಗೆ ಇಳಿಯುವಾಗ ಕೆಂಪಾಗಿತ್ತು. ನಂಬದಿದ್ದರೆ ಬಿಡಿ, ನಾನಂತೂ ನೋಡಿದ್ದೇನೆ. ಅದೇ ಬೆಂಕಿಯಲ್ಲಿ ನನ್ನ ಜೊತೆಗೇ ಬೆಂದವಳು ನನ್ನ ತಂಗಿ, ನನ್ನ ಮುಚ್ಚಳ. ಅವಳು ನನ್ನ ತಲೆಯ ಮೇಲೆ ಕೂತಳೆಂದರೆ ಗಾಳಿಗೂ ಒಳಗೆ ದಾರಿಯಿಲ್ಲ. ಒಂದು ಇರುವೆ ಸಂದಿ ಹುಡುಕುತ್ತ ನಮ್ಮ ಸುತ್ತಲೇ ತಿರುಗಿ ತಿರುಗಿ ಮುದುಕಿಯಾಗಿ ಸತ್ತಿತು.

ನನ್ನ ಒಡತಿ ತುಂಗವ್ವನ ತಾಯಿ ನಮ್ಮಿಬ್ಬರನ್ನೂ ಸಂತೆಯಿಂದ ತಂದು ಉಪ್ಪಿನಕಾಯಿ ತುಂಬಿದಳು. ಮಗಳ ಮದುವೆಯಾದಾಗ ಹುಲ್ಲಿನಲ್ಲಿ ಸುತ್ತಿ ಅವಳ ಜೊತೆ ಬೈಲಹೊಂಗಲಕ್ಕೆ ಕಳಿಸಿದಳು. ಅಲ್ಲಿ ಅಣ್ಣ ತಮ್ಮಂದಿರು ಪಾಲಾಗಿದ್ದರು. ಮೇಲೆ ಒಂದೇ ಬಯಲು ಮಾಳಿಗೆ, ನಡುವೆ ಮೊಣಕಾಲೆತ್ತರದ ಗೋಡೆ. ಈಚೆ ನನ್ನ ತುಂಗವ್ವ. ಆಚೆ ಅವಳ ನೆಗೆಣ್ಣಿ, ಭಾವನ ಹೆಂಡತಿ ಕಾಶವ್ವ. ಕಾಶವ್ವ ಯಾವಾಗಲೂ ಎಲೆ ಅಡಿಕೆ ಮೆಲ್ಲುವವಳು. ಅವಳ ತೋರುಬೆರಳಿನ ತುದಿಯಲ್ಲಿ ಸದಾ ಒಂದು ಚೂರು ಸುಣ್ಣ.

ತುಂಗವ್ವನ ಗಂಡ ಬೇಗ ತೀರಿಕೊಂಡ. ಅವಳು ಮಹಿಳಾ ಮಂಡಳದಲ್ಲಿ ಸಬೂನು ಮಾಡುವುದನ್ನು ಕಲಿತು ಬಂದಳು. ಅಂಗಡಿಯ ಬಣ್ಣ ಅವಳಿಗೆ ಸೇರದು. ಬೇರು, ಬೀಜ, ಸೊಪ್ಪನ್ನು ಕುಸುಬಿ ಎಣ್ಣೆಯಲ್ಲಿ ನೆನೆಹಾಕಿ, ವಾರಗಟ್ಟಲೆ ಬಿಸಿಲಿಗಿಟ್ಟು, ಬಟ್ಟೆಯಲ್ಲಿ ಸೋಸಿ, ಆ ಎಣ್ಣೆಯ ಬಣ್ಣದಿಂದಲೇ ಸಬೂನಿಗೆ ಬಣ್ಣ ಕೊಡುತ್ತಿದ್ದಳು. ನೆನೆಹಾಕುವ ಹೊಟ್ಟೆ ನನ್ನದು. ಜಾಫ್ರಾ ಬೀಜ ನುಂಗಿ ಕಿತ್ತಳೆ ಬಣ್ಣ ಕೊಟ್ಟೆ. ಮಂಜಿಷ್ಠದ ಬೇರು ನುಂಗಿ ಕುಂಕುಮದ ಬಣ್ಣ ಕೊಟ್ಟೆ. ನನ್ನ ಬಣ್ಣದ ಸಬೂನು ಹಚ್ಚಿಕೊಂಡ ಎಮ್ಮೆಯೊಂದು ಎಂಟು ದಿನ ಕೆರೆಗೆ ಇಳಿಯಲಿಲ್ಲ, ಕನ್ನಡಿ ಕೇಳುತ್ತಿತ್ತು.

ಊರ ಗೌಡರ ಹೆಂಡತಿ ಗೌಡಶಾನಿಯ ಮೊಮ್ಮಗಳ ಮದುವೆ ಗೊತ್ತಾಯಿತು. ಮದುಮಗಳು, ಐವತ್ತು ಮುತ್ತೈದೆಯರು, ಒಟ್ಟು ಐವತ್ತೊಂದು ಜನರಿಗೆ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ, ಕುಪ್ಪಸದ ಖಣದ ಜೊತೆ ಕುಂಕುಮದ ಬಣ್ಣದ ಒಂದೊಂದು ಸಬೂನನ್ನೂ ಹಾಕಬೇಕೆಂದು ಅವಳ ಆಸೆ. ತುಂಗವ್ವನಿಗೆ ಹೇಳಿ ಕಳಿಸಿದಳು. ತುಂಗವ್ವ ಮಂಜಿಷ್ಠದ ಎಣ್ಣೆಯಿಂದ ಐವತ್ತೊಂದು ಸಬೂನು ಹುಯ್ದು, ಹಲಗೆಯ ಮೇಲೆ ಒಣಗಲಿಟ್ಟಳು. ಆಮೇಲೆ ನನ್ನನ್ನು ತೊಳೆದು ಬೇರೆ ಬೇರು ತುಂಬಿದಳು. ಅದು ರತನಜೋತು.

ನಾಲ್ಕನೆಯ ದಿನ ಗೌಡಶಾನಿಯ ಮನೆಯಾಳು ಬಂದು ಸಬೂನು ಬೇಡವೆಂದ. ಯಾಕೆಂದು ತುಂಗವ್ವ ಕೇಳಿದಳು. ಅವನು ನೆಲ ನೋಡುತ್ತ ಹೇಳಿದ.

"ಕಾಶವ್ವಾರ ಬಂದಿದ್ರು. ಗಂಡ ಇಲ್ಲದಾಕಿ ಕೈಯಾಂದು ಮುತ್ತೈದೇರ ಉಡಿಗೆ ನಡೀತೈತೇನು ಅಂದ್ರು. ನಾನಾ ಮಾಡಿ ಕೊಡ್ತೀನಿ ಅಂದ್ರು."

ತುಂಗವ್ವ ಅಳಲಿಲ್ಲ. ಹಲಗೆಯ ಮೇಲಿನ ಸಬೂನುಗಳಿಗೆ ಹಳೆಯ ಸೀರೆ ಹೊದಿಸಿದಳು. ಆಮೇಲೆ ಎರಡು ದಿನ ತವರಿಗೆ ಹೋದಳು.

ಆ ಮಧ್ಯಾಹ್ನ ಕಾಶವ್ವ ಗೋಡೆ ದಾಟಿ ಬಂದಳು. ಅವಳು ಸಬೂನು ಮಾಡಿದವಳಲ್ಲ. ಗೋಡೆಯ ಮೇಲಿಂದ ನೋಡಿದವಳು, ಅಷ್ಟೆ. ನನ್ನ ಮುಚ್ಚಳ ತೆಗೆದು ಇಣುಕಿದಳು. ಎಣ್ಣೆ ರಕ್ತದ ಹಾಗೆ ಕೆಂಪಗಿತ್ತು.

"ಇಲ್ಲೇ ಬಚ್ಚಿಟ್ಟಾಳ ನೋಡು ಕೆಂಪನ್ನ!" ಎಂದು ನನ್ನನ್ನು ಬಗಲಿಗೇರಿಸಿದಳು. ಗೋಡೆ ದಾಟುವಾಗ ಅವಳ ಕೈಯಿಂದ ನನ್ನ ತಂಗಿ ಜಾರಿದಳು. ಮೂರು ಚೂರು. ಕಾಶವ್ವ ಅತ್ತಿತ್ತ ನೋಡಿ, ಚೂರುಗಳನ್ನು ಕಾಲಿನಿಂದ ಕೆಳಗಿನ ತಿಪ್ಪೆಗೆ ತಳ್ಳಿದಳು. ನನ್ನ ತಲೆಯ ಮೇಲೆ ಒಂದು ಸ್ಟೀಲ್ ತಾಟು ಇಟ್ಟು, ಗೋಡೆಯಾಚೆಗೆ ಕಾಣದಂತೆ ತನ್ನ ಕಟ್ಟಿಗೆ ರಾಶಿಯ ಮರೆಯಲ್ಲಿ ಬಿಸಿಲಿಗೆ ಕೂರಿಸಿದಳು.

ಬರಣಿಗೆ ಕೈಯಿಲ್ಲ, ಕಾಲಿಲ್ಲ, ಬಾಯಿದ್ದರೂ ಮಾತಿಲ್ಲ. ಆದರೆ ಅವತ್ತು ನಾನು ಆಣೆ ಇಟ್ಟೆ. ಕಾಶವ್ವ, ನಿನ್ನ ಮುಖಕ್ಕೆ ನಾನು ಮಸಿ ಬಳಿಯುತ್ತೇನೆ.

ತುಂಗವ್ವ ತವರಿಂದ ಬಂದು ಮಾಳಿಗೆಯೆಲ್ಲ ಹುಡುಕಿದಳು.

"ಅಕ್ಕಾ, ನನ್ನ ಬರಣಿ ಕಂಡೀಯೇನ?"

"ಮಂಗ್ಯಾ ಒಯ್ದಿರಬೇಕವಾ" ಎಂದಳು ಕಾಶವ್ವ, ಎಲೆ ಜಗಿಯುತ್ತ.

"ಇಷ್ಟು ದೊಡ್ಡ ಬರಣಿನ?"

"ದೊಡ್ಡ ಮಂಗ್ಯಾ ಇದ್ದೀತು!"

ನೀವೇ ಹೇಳಿ, ಸಿಟ್ಟು ಬರುತ್ತದೋ ಇಲ್ಲವೋ? ನನಗೆ ಬಂದ ಸಿಟ್ಟಿಗೆ ಅವಳ ಅಡುಗೆಮನೆಯಲ್ಲಿ ಹಾಲು ಒಲೆ ಹೊತ್ತಿಸದೆಯೇ ಉಕ್ಕಿತು.

ಈಗ ನನ್ನ ಗುಟ್ಟು ಕೇಳಿ. ರತನಜೋತು ಎಣ್ಣೆಯಲ್ಲಿ ಕೆಂಪು. ಸಬೂನು ಗಟ್ಟಿಯಾಗಲೆಂದು ಹುಯ್ಯುವ ಕಾಸ್ಟಿಕ್ ನೀರು ಬಿದ್ದರೆ ನೇರಳೆ. ಬೇರು ಅತಿಯಾಗಿದ್ದರೆ ಕಾಡಿಗೆಯ ಕಪ್ಪು. ಅದಕ್ಕೇ ತುಂಗವ್ವ ಒಂದೇ ಹಿಡಿ ಬೇರು ಹಾಕುತ್ತಿದ್ದಳು. ಕಾಶವ್ವನಿಗೆ ಇದು ಗೊತ್ತಿಲ್ಲ. ಇನ್ನೂ ಕೆಂಪಾಗಲಿ ಎಂದು ಪೇಟೆಯಿಂದ ಅದೇ ಬೇರು ತರಿಸಿ ಮತ್ತೆ ನಾಲ್ಕು ಹಿಡಿ ಸುರಿದಳು. ನಾನು ಬೇಡವೆಂದೆನೆ? ಬಿಸಿಲನ್ನೆಲ್ಲ ಎಳೆದುಕೊಂಡು, ಒಂದೊಂದು ಬೇರಿನ ಕುತ್ತಿಗೆ ಹಿಸುಕಿ ಬಣ್ಣ ಕಕ್ಕಿಸಿದೆ. ಆ ವಾರ ಪಕ್ಕದ ಓಣಿಗೆ ಬಿಸಿಲೇ ಸಾಲದೆ ಅವರ ಹಪ್ಪಳ ಒಣಗಲಿಲ್ಲ.

ಒಂದು ದಿನ ಮಾತ್ರ ನನ್ನ ಜೀವ ಬಾಯಿಗೆ ಬಂದಿತ್ತು. ಕಾಶವ್ವ ಎಣ್ಣೆ ನೋಡಲು ಬೆರಳು ಅದ್ದಿದಳು. ಸುಣ್ಣದ ಬೆರಳು! ತುದಿ ಅಲ್ಲೇ ನೀಲಿಯಾಯಿತು. ಸುಣ್ಣ ತೋರಿಸಿದ್ದನ್ನೇ ಕಾಸ್ಟಿಕ್ ಕೂಡ ತೋರಿಸುತ್ತದೆ. ಒಂದು ಸಲ ಕೆಳಗೆ ನೋಡಿದ್ದರೆ ಅವಳು ಉಳಿಯುತ್ತಿದ್ದಳು. ಆದರೆ ಅವಳ ಕಣ್ಣು ಗೋಡೆಯಾಚೆ ತುಂಗವ್ವನ ಮೇಲಿತ್ತು. ಬೆರಳನ್ನು ಸೆರಗಿಗೆ ಒರೆಸಿ, ಇನ್ನೊಂದು ಬೆರಳು ಅದ್ದಿ ಹಣೆಗೆ ಇಟ್ಟುಕೊಂಡಳು. ಕುಂಕುಮದಂತೆ ಕೆಂಪು. ಕನ್ನಡಿ ನೋಡಿ ನಕ್ಕಳು. ನಾನೂ ನಕ್ಕೆ.

ಮದುವೆಗೆ ಐದು ವಾರವಿದ್ದಾಗ ಎಣ್ಣೆ ಸೋಸಿ, ಕೊಬ್ಬರಿ ಎಣ್ಣೆ ಬೆರೆಸಿ, ಕಾಸ್ಟಿಕ್ ನೀರು ಹುಯ್ದಳು. ಪಾತ್ರೆಯಲ್ಲಿದ್ದ ಕೆಂಪು ನೋಡನೋಡುತ್ತ ಕಪ್ಪಿಟ್ಟಿತು. ಅವಳ ಗಂಡ ಬಾಗಿ ನೋಡಿದ.

"ಏನ ಇದು, ಡಾಂಬರ ಕಾಸಾಕತ್ತೀಯೇನ?"

"ಹಸೀ ಇಟ್ಟಂಗಿ ಕಪ್ಪಗ ಇರತೈತಿ, ಆಮ್ಯಾಲ ಕೆಂಪಾಗೂದಿಲ್ಲೇನು? ಒಣಗಲಿ, ಸುಮ್ಮನಿರ್ರಿ!"

ಒಂದು ವಾರ ಒಣಗಿತು, ಕಪ್ಪು. ಎರಡು ವಾರ, ಕಪ್ಪು. ದಿನಾ ಮುಂಜಾನೆ ಎದ್ದು, ಹಾಸಿಗೆ ಬಿಟ್ಟವಳೇ ಸಬೂನು ತಿರುವಿ ನೋಡುವಳು. ಐದನೆಯ ವಾರಕ್ಕೆ ಅವು ಇನ್ನಷ್ಟು ಮಿಂಚುವ ಕಪ್ಪಾದವು. ಮುತ್ತೈದೆಯ ಉಡಿಗೆ ಕಪ್ಪು ಹಾಕುವುದೆಂದರೆ ಶಾಪ ಹಾಕಿದಂತೆ. ಉಡಿ ತುಂಬುವ ದಿನ ಬೆಳಕು ಹರಿಯುವ ಹೊತ್ತಿಗೆ ಕಾಶವ್ವ ನನ್ನನ್ನು ಎತ್ತಿಕೊಂಡು ಗೋಡೆ ದಾಟಿದಳು.

"ತುಂಗಾ, ಮಾನ ಉಳಸವಾ. ನಿನ್ನ ಕೆಂಪು ಸಬೂನು ಕೊಡು."

ತುಂಗವ್ವ ಮೊದಲು ನನ್ನನ್ನು ತೆಗೆದುಕೊಂಡಳು. ನನ್ನ ಬೋಳು ತಲೆಯನ್ನು ಸವರಿದಳು.

"ಮಂಗ್ಯಾ ತಿರುಗಿ ಕೊಟ್ಟು ಹೋತೇನಕ್ಕಾ?"

ಕಾಶವ್ವ ಸೀರೆ ಹೊದಿಸಿದ ಹಲಗೆಯ ಕಡೆಗೆ ಕೈ ಮಾಡಿದಳು.

"ಸಬೂನು ಒಯ್ಯಿ" ಎಂದಳು ತುಂಗವ್ವ. "ಆದ್ರ ಒಂದು ಮಾತು. ಒಬ್ಬೊಬ್ಬರ ಉಡಿಗೂ ನೀನಾ ಹಾಕಬೇಕು. ಹಾಕುವಾಗ, ಇದು ಗಂಡ ಸತ್ತ ತುಂಗವ್ವ ಮಾಡಿದ ಸಬೂನು ಅಂತ ಎಲ್ಲಾರಿಗೂ ಕೇಳೂವಂಗ ಹೇಳಬೇಕು. ಐವತ್ತೊಂದು ಸಲ."

"ಗೌಡಶಾನಿ ನನ್ನ ಹೊರಗ ಹಾಕ್ತಾಳ!"

"ಹಂಗಾರ ನಿನ್ನ ಕಪ್ಪು ಸಬೂನಾ ಒಯ್ಯಿ."

ಅವಳು ಕೆಂಪು ಸಬೂನನ್ನೇ ಒಯ್ದಳು. ಕಾಶವ್ವ ಹೇಳುತ್ತಾಳೋ ಇಲ್ಲವೋ ನೋಡಲು ತುಂಗವ್ವ ನನ್ನನ್ನು ಸೊಂಟಕ್ಕಿಟ್ಟುಕೊಂಡು ಹೋಗಿ ಗೌಡರ ಕಟ್ಟೆಯ ಮೇಲೆ ಕೂತಳು. ಮೊದಲ ಉಡಿ ಮದುಮಗಳದು. ಅದಕ್ಕೆ ಕಾಶವ್ವನ ದನಿ ಇಲಿಯ ದನಿ.

"ಕೇಳವಲ್ದು!" ಎಂದಳು ಒಬ್ಬ ಮುದುಕಿ.

ಕಾಶವ್ವ ಮತ್ತೆ ಹೇಳಿದಳು. ಎಲ್ಲರೂ ಗೌಡಶಾನಿಯ ಮುಖ ನೋಡಿದರು. ಗೌಡಶಾನಿ ಸಬೂನು ಎತ್ತಿ ಮೂಸಿದಳು, ಬೆಳಕಿಗೆ ಹಿಡಿದಳು, ಮೊಮ್ಮಗಳ ಉಡಿಗೆ ತಾನೇ ಹಾಕಿದಳು.

"ಮುಂದಿನವರಿಗೆ ಹಾಕ ಕಾಶವ್ವಾ. ಹೆಸರ ಬಿಡಬ್ಯಾಡ."

ಐವತ್ತೊಂದನ್ನೂ ನಾನು ಎಣಿಸಿದೆ. ಕೊನೆಯ ಹೊತ್ತಿಗೆ ಅವಳ ಗಂಟಲು ಒಡೆದಿತ್ತು. ಆ ಸುಖವನ್ನು ತುಂಬಲು ನನ್ನ ಹೊಟ್ಟೆ ಸಾಲಲಿಲ್ಲ, ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತು.

ಬಿರುಕಿನಿಂದ ಎಣ್ಣೆ ಜಿನುಗಿತೆಂದು ತುಂಗವ್ವ ನನಗೆ ಮಣ್ಣು ತುಂಬಿ ದೊಡ್ಡಪತ್ರೆ ನೆಟ್ಟಳು. ಈಗ ಹಿತ್ತಲಿನ ಮೂಲೆಯಲ್ಲಿದ್ದೇನೆ. ಮಾಳಿಗೆಯ ಮೇಲೆ ಹೊಸ ಬರಣಿಗಳಿವೆ, ಅವುಗಳ ಬಣ್ಣ ಕೊಳ್ಳಲು ಬೆಳಗಾವಿಯಿಂದಲೂ ಜನ ಬರುತ್ತಾರೆ. ನೆಗೆಣ್ಣಿಯರಿಬ್ಬರ ತಲೆಯೂ ಬೆಳ್ಳಗಾಗಿದೆ. ದಿನಾ ಸಂಜೆ ಕಾಶವ್ವ ಬಂದು ನನಗೇ ಬೆನ್ನು ಕೊಟ್ಟು ಕೂರುತ್ತಾಳೆ. ತುಂಗವ್ವ ಎಲೆ ಮಡಿಚಿ ಕೊಡುತ್ತಾಳೆ. ಇಬ್ಬರೂ ಊರವರನ್ನೆಲ್ಲ ಆಡಿಕೊಂಡು ನಗುತ್ತಾರೆ. ಎಲ್ಲ ಮರೆತಿದ್ದಾರೆ. ಮನುಷ್ಯರಿಗೆ ಅದು ಸಾಧ್ಯ, ಸಾಧ್ಯವಾಗಲಿ. ನನ್ನ ತಂಗಿ ಮಾತ್ರ ತಿಪ್ಪೆ ಸೇರಿದಳು, ಅವಳ ಬಗ್ಗೆ ಯಾರೂ ಒಂದು ಮಾತು ಕೇಳಲಿಲ್ಲ.

ಅದಕ್ಕೇ ಹಗಲೆಲ್ಲ ನಾನು ಒಂದೇ ಕೆಲಸ ಮಾಡುತ್ತೇನೆ. ಬಿಸಿಲನ್ನು ಒಂದು ಹನಿಯೂ ಬಿಡದೆ ಮೈಯಲ್ಲಿ ಕೂಡಿಟ್ಟುಕೊಳ್ಳುತ್ತೇನೆ. ಸಂಜೆ ಕಾಶವ್ವ ಬಂದು ಒರಗುತ್ತಾಳೆ.

"ಅಯ್ಯಯ್ಯ! ಈ ಹಾಳ ಬರಣಿ ಬೆನ್ನ ಸುಡತೈತವಾ!"

"ದಿನಾ ಹಂಗ ಅಂತಿ, ದಿನಾ ಅಲ್ಲೇ ಕೂಡ್ರತಿ" ಎಂದು ತುಂಗವ್ವ ನಗುತ್ತಾಳೆ.

ಕೂರಲಿ. ನಾಳೆಯೂ ಬಿಸಿಲಿದೆ.