ನೋಡಲು ಉಳಿದದ್ದು

ಹಸಿರು ಬಾಗಿಲಿನ ಬೇಕರಿ ದಾಟಿ ಎಡಕ್ಕೆ ತಿರುಗಿದರೆ ಸರೋವರ ಎಂದು ಅವನು ತಟ್ಟೆಯಿಂದ ತಲೆ ಎತ್ತದೆ ಹೇಳಿದ. ದಂಡೆಯ ಬೆಂಚೊಂದರ ಕಾಲು ಮುರಿದಿದೆ, ಅದರ ಮೇಲೆ ಮಾತ್ರ ಕೂರಬಾರದು ಎಂದೂ ಸೇರಿಸಿದ.

ಹೆಂಡತಿ ಲೋಟ ಕೆಳಗಿಟ್ಟಳು.

"ಇನ್ನು ಏನೂ ಹೇಳ್ಬೇಡಿ. ನನಗೆ ನೋಡೋಕೆ ಅಂತ ಏನಾದ್ರೂ ಉಳಿಸಿ."

ಸ್ಲೊವೇನಿಯಾ ಅವಳ ಆಸೆ. ಹಲ್ಲಿನ ಡಾಕ್ಟರ ಬಳಿ ಸರದಿ ಕಾಯುತ್ತ, ಹಳೆಯ ಪತ್ರಿಕೆಯೊಂದರಲ್ಲಿ ಆ ಸರೋವರದ ಚಿತ್ರ ನೋಡಿ ಮರುಳಾಗಿದ್ದಳು. ಅದು ದೇಶವೋ, ಭಾವ ಚುಚ್ಚುವ ಔಷಧಿಯೋ ಎಂದು ಅವಳ ತಮ್ಮ ಕೇಳಿ ನಗಿಸಿದ್ದ. ಭಾವನ ಕೆಲಸ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವುದು.

ಪ್ರವಾಸದ ಏರ್ಪಾಟನ್ನು ಅವನೇ ಮೈಮೇಲೆ ಹಾಕಿಕೊಂಡ. ಯಾವುದನ್ನೂ ಅರೆಬರೆ ಮಾಡುವ ಮನುಷ್ಯನಲ್ಲ. ಕಂಪ್ಯೂಟರಿನಲ್ಲಿ ಆ ದೇಶದ ಬೀದಿಗಳೆಲ್ಲ ಇದ್ದವು, ಯಾರೋ ಕಾರಿನ ಮೇಲೆ ಕ್ಯಾಮೆರಾ ಇಟ್ಟು ತೆಗೆದ ಚಿತ್ರಗಳು. ಬಾಣದ ಗುರುತು ಒತ್ತುತ್ತ ಹೋದರೆ ನಡೆದಂತೆಯೇ. ದಾರಿಯಲ್ಲಿ ಸಿಕ್ಕವರ ಮುಖಗಳನ್ನು ಯಂತ್ರವೇ ಹುಡುಕಿ ಮಸುಕು ಮಾಡುತ್ತಿತ್ತು. ಅದು ಅವನಿಗೆ ಬಹಳ ಹಿಡಿಸಿತು. ಅಲ್ಲಿ ಯಾರೂ ಅವನನ್ನು ನೋಡುತ್ತಿರಲಿಲ್ಲ, ಏನನ್ನೂ ಕೇಳುತ್ತಿರಲಿಲ್ಲ. ಸಂಜೆಯಾಯಿತೆಂದರೆ ಮಹಡಿಯ ಕೋಣೆ ಸೇರಿ ಆ ಊರು ಸುತ್ತುತ್ತಿದ್ದ. ಹೀಗೇ ಎರಡು ಬೇಸಿಗೆ ಕಳೆದವು. ಟಿಕೆಟ್ಟಿನ ಮಾತು ಬಂದಾಗಲೆಲ್ಲ, ಇನ್ನೂ ಸ್ವಲ್ಪ ನೋಡುವುದಿದೆ ಎಂದು ಜಾರಿಕೊಳ್ಳುತ್ತಿದ್ದ.

"ಇವತ್ತು ಟ್ರಾವೆಲ್ಸ್‌ನೋರು ಪಾಸ್‌ಪೋರ್ಟ್ ತಗೊಂಡು ಹೋಗೋಕೆ ಬರ್ತಾರೆ. ನಾನಂತೂ ಹೋಗೋಳೇ. ನೀವು?"

"ಸಂಜೆ ಹೇಳ್ತೀನಿ."

"ಬನ್ನಿ. ಈ ಮನೇಲಿ ಒಬ್ಬಳೇ ಇದ್ದು ಸಾಕಾಗಿದೆ. ಅಲ್ಲಾದ್ರೂ ಇಬ್ಬರಿರೋಣ."

ಅವನು ಕೈ ತೊಳೆಯಲು ಎದ್ದ.

ಆಸ್ಪತ್ರೆಯಲ್ಲಿ ಒಬ್ಬ ಹೆಂಗಸಿಗೆ ಸೂಜಿ ಚುಚ್ಚುವಾಗ ಅಭ್ಯಾಸದಂತೆ, ಇಷ್ಟವಾದ ಜಾಗವೊಂದನ್ನು ನೆನೆಸಿಕೊಳ್ಳಿ ಎಂದ. ನಮ್ಮನೆ ಅಡುಗೆಮನೆ ಎಂದಳು ಆಕೆ. ಅವನಿಗೆ ನಗು ಬಂತು. ನಿಮಗ್ಯಾವುದು ಡಾಕ್ಟ್ರೇ ಎಂದು ಆಕೆ ತಿರುಗಿ ಕೇಳಿದಳು. ಅವನು ಉತ್ತರಕ್ಕೆ ತಡಕಾಡುವಷ್ಟರಲ್ಲಿ ಆಕೆಗೆ ನಿದ್ದೆ ಹತ್ತಿತ್ತು. ಸದ್ಯ, ಪಾರಾದೆ ಅನ್ನಿಸಿತು. ಎದುರಿಗಿದ್ದವರು ಕಣ್ಣು ಮುಚ್ಚಿದ ಮೇಲೆಯೇ ಅವನ ಕೆಲಸ ಸಲೀಸು.

ಸಂಜೆ ಎಂದಿನಂತೆ ಕಿಟಕಿಗೆ ಬೆನ್ನು ಹಾಕಿ ಕೂತ. ಟ್ರಾವೆಲ್ಸ್‌ನ ಹೆಂಗಸು ಫೋನು ಮಾಡಿ ಮನೆಯ ಗುರುತು ಕೇಳಿದಳು. ಎದುರಿಗೆ ಏನಿದೆ ಎಂದಾಗ ಅವನಿಗೆ ಹೊಳೆಯಲಿಲ್ಲ. ತಿರುಗಿ ಕಿಟಕಿಯಾಚೆ ನೋಡಿದ್ದರೆ ಸಾಕಿತ್ತು. ಅವನು ಕಂಪ್ಯೂಟರಿನಲ್ಲಿ ತನ್ನದೇ ಬೀದಿ ತೆರೆದು, ಹೊಲಿಗೆ ಅಂಗಡಿ ಎಂದ.

ಫೋನಿಟ್ಟು ಚಿತ್ರವನ್ನು ಬೀದಿಯ ಈ ಬದಿಗೆ ತಿರುಗಿಸಿದ. ಅವನ ಮನೆ. ಗೇಟಿನ ಹತ್ತಿರ ಹೆಂಡತಿ ಇದ್ದಳು. ಭುಜಕ್ಕೆ ಚೀಲ, ಒಂದು ಕೈ ಮೇಲೆ, ಮುಖ ಮಹಡಿಯತ್ತ. ಏನೋ ಕೂಗಿ ಹೇಳುತ್ತಿದ್ದಂತಿತ್ತು. ಯಾವತ್ತಿನದೋ ನೆನಪಾಗಲಿಲ್ಲ. ಮುಖ ಮಸುಕಾಗಿತ್ತು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯುವಂತಿರಲಿಲ್ಲ.

ಮೇಲೆ ಕಿಟಕಿಯಲ್ಲಿ ಅವನೂ ಇದ್ದ. ಅಂಗಿಯ ಕಾಲರು, ಹಿಂದಲೆ, ನೆತ್ತಿಯ ಬೋಳು, ಎಲ್ಲವೂ ನಿಚ್ಚಳ. ಮಸುಕು ಮಾಡಲು ಯಂತ್ರಕ್ಕೆ ಅಲ್ಲಿ ಮುಖ ಸಿಕ್ಕಿರಲಿಲ್ಲ.

ಕೆಳಗೆ ಸ್ಕೂಟರು ನಿಂತ ಸದ್ದಾಯಿತು. ಗೇಟು ತೆರೆದುಕೊಂಡಿತು.

"ಪಾಸ್‌ಪೋರ್ಟ್ ಒಂದು ಕೊಡ್ಲಾ, ಎರಡೂ ಕೊಡ್ಲಾ?" ಗೇಟಿನ ಬಳಿಯಿಂದ ಹೆಂಡತಿ ಕೂಗಿದಳು.

ಅವನು ಪರದೆಯ ಮೇಲಿನ ಅವಳ ಮುಖವನ್ನು ಹತ್ತಿರಕ್ಕೆಳೆದ. ಹತ್ತಿರ ಬಂದಷ್ಟೂ ಅದು ಚೌಕ ಚೌಕವಾಗಿ ಒಡೆಯುತ್ತ ಹೋಯಿತು. ಬೆನ್ನ ಹಿಂದೆ, ಕಿಟಕಿಯ ಕೆಳಗೆ, ಅವಳು ಇನ್ನೊಮ್ಮೆ ಕೂಗಿದಳು. ಏನು ಹೇಳುತ್ತಿದ್ದಾಳೆ ಎಂದು ನೋಡಲು ಅವನು ಆ ಮುಖವನ್ನು ಇನ್ನೂ ಸ್ವಲ್ಪ ಹತ್ತಿರಕ್ಕೆಳೆದ.